ಎಸ್ಎಟಿ ಯಾವಾಗ ಬರೆಸೋದು? ಏಳು, ಒಂಬತ್ತು, ಹತ್ತು, ಹನ್ನೊಂದರ ಲೆಕ್ಕಾಚಾರ

ರಾಜ್ಯೋತ್ಸವಕ್ಕೋ ಯುಗಾದಿಗೋ ಅಮೆರಿಕದ ಯಾವ ಕನ್ನಡ ಕೂಟಕ್ಕೆ ಹೋದರೂ ಹೈಸ್ಕೂಲು ಮಕ್ಕಳ ಅಪ್ಪ ಅಮ್ಮಂದಿರ ಮಾತು ಊಟ ಮುಗಿಯುವ ಮೊದಲೇ ಒಂದೇ ಕಡೆ ಹೊರಳುತ್ತದೆ. “ನಮ್ಮವನು ಒಂಬತ್ತರಲ್ಲೇ ಎಸ್ಎಟಿ ಬರೆದುಬಿಟ್ಟ” ಅಂತ ಒಬ್ಬರು. “ಅಯ್ಯೋ, ನಮ್ಮವಳು ಇನ್ನೂ ಪುಸ್ತಕಾನೇ ತೆಗೆದಿಲ್ಲ” ಅಂತ ಇನ್ನೊಬ್ಬರು. ಎಸ್ಎಟಿ ಅಂದರೆ ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ; ಓದು, ಗಣಿತ ಅಂತ ಎರಡು ಭಾಗ, ಒಟ್ಟು 1600 ಅಂಕ. ಪಿಎಸ್ಎಟಿ ಅದಕ್ಕೆ ಮುಂಚಿನ ಅಭ್ಯಾಸ ಪರೀಕ್ಷೆ. ಉಳಿದ ಚರ್ಚೆ ಮನೆಗೆ ಹೋಗುವಾಗ ಕಾರಿನೊಳಗೆ. ವಾರಾಂತ್ಯದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು ಅಂತ ಗೊತ್ತಿರುವುದರಿಂದ ಮರುದಿನ ನನಗೆ ಮೆಸೇಜು ಬರುತ್ತದೆ: ಬೇಗ ಬರೆಸಿದರೆ ಒಳ್ಳೇದಾ? ತಡ ಆಯ್ತಾ? ಪಿಎಸ್ಎಟಿ ಸಾಕಾ?

ನಾಲ್ಕು ದಾರಿಗಳಿವೆ. ಏಳು ಎಂಟನೇ ಕ್ಲಾಸಿನಲ್ಲೇ ಬರೆಸುವುದು, ಒಂಬತ್ತರಲ್ಲಿ ಬರೆಸುವುದು, ಹತ್ತರಲ್ಲಿ ಬರೆಸುವುದು, ಎಲ್ಲರಂತೆ ಹನ್ನೊಂದರವರೆಗೆ ಕಾಯುವುದು. ಯಾವುದು ಸರಿ ಅನ್ನುವುದಕ್ಕೆ ಮುಂಚೆ ಯಾವುದರಿಂದ ಅಳೆಯಬೇಕು ಅಂತ ನೋಡೋಣ.

ಮೊದಲು ಅಳತೆ

ನನ್ನ ಮಟ್ಟಿಗೆ ಮೊದಲ ಅಳತೆ ಮಗುವಿನ ವಯಸ್ಸೂ ಅಲ್ಲ, ಬುದ್ಧಿಯೂ ಅಲ್ಲ. ಶಾಲೆಯಲ್ಲಿ ಗಣಿತ ಎಲ್ಲಿಗೆ ಬಂದು ನಿಂತಿದೆ ಅನ್ನುವುದು. ಎಸ್ಎಟಿ ಗಣಿತದಲ್ಲಿ 44 ಪ್ರಶ್ನೆ, 70 ನಿಮಿಷ. ಸುಮಾರು ಮೂರನೇ ಒಂದು ಭಾಗ ಸರಳ ಅಲ್ಜೀಬ್ರಾ, ಇನ್ನೊಂದು ಮೂರನೇ ಒಂದು ಭಾಗ ಅದಕ್ಕಿಂತ ಮೇಲಿನದು: ವರ್ಗ ಸಮೀಕರಣ, ಫಂಕ್ಷನ್, ಎಕ್ಸ್‌ಪೊನೆನ್ಶಿಯಲ್. ಮಿಕ್ಕಿದ್ದರಲ್ಲಿ ಶೇಕಡಾವಾರು, ಅಂಕಿಅಂಶ, ಜ್ಯಾಮಿತಿ, ಸ್ವಲ್ಪ ತ್ರಿಕೋನಮಿತಿ. ಕ್ಯಾಲ್ಕುಲಸ್ ಇಲ್ಲವೇ ಇಲ್ಲ. ಅಂದರೆ ಶಾಲೆಯಲ್ಲಿ ಅಲ್ಜೀಬ್ರಾ 1, ಜ್ಯಾಮಿತಿ ಆದ ಮೇಲೆ ಬರುವ ಅಲ್ಜೀಬ್ರಾ 2 ಮುಗಿಸಿದ ಮಗುವಿಗೆ ಬೇಕಾದ್ದೆಲ್ಲ ಗೊತ್ತಿರುತ್ತದೆ. ಮುಗಿಸದ ಮಗುವಿಗೆ ಎಷ್ಟೇ ಚುರುಕಾಗಿದ್ದರೂ ತೂತುಗಳಿರುತ್ತವೆ.

ಒಂದು ಪ್ರಶ್ನೆ ನೋಡಿ. ಎಕ್ಸ್ ವರ್ಗಕ್ಕೆ 6 ಎಕ್ಸ್ ಕೂಡಿಸಿ, ಅದಕ್ಕೆ ಸಿ ಕೂಡಿಸಿದರೆ ಸೊನ್ನೆ. ಈ ಸಮೀಕರಣಕ್ಕೆ ಒಂದೇ ಒಂದು ಉತ್ತರ ಇರಬೇಕಾದರೆ ಸಿ ಎಷ್ಟು? ಡಿಸ್ಕ್ರಿಮಿನಂಟ್ (ವರ್ಗ ಸಮೀಕರಣಕ್ಕೆ ಎಷ್ಟು ಉತ್ತರ ಅಂತ ಹೇಳುವ ಸೂತ್ರ) ಕಲಿತ ಮಗು 36ನ್ನು 4ರಿಂದ ಭಾಗಿಸಿ 9 ಅಂತ ಬರೆದು ಮುಂದೆ ಹೋಗುತ್ತದೆ. ಕಲಿಯದ ಮಗು ಒಂದು, ಎರಡು, ಮೂರು ಅಂತ ಹಾಕಿ ನೋಡುತ್ತಾ ಕೂರುತ್ತದೆ. ಪರದೆಯ ಮೇಲೇ ಡೆಸ್ಮೋಸ್ ಕ್ಯಾಲ್ಕುಲೇಟರ್ ಇದೆ, ಗ್ರಾಫ್ ಎಳೆದು ನೋಡಬಹುದು, ನಿಜ. ಆದರೆ ಗ್ರಾಫ್ ಅಡ್ಡ ಗೆರೆಯನ್ನು ಬರೀ ಮುಟ್ಟಬೇಕು, ದಾಟಬಾರದು ಅನ್ನುವುದು ಹೊಳೆಯಬೇಕಲ್ಲ. ಒಂದು ಪ್ರಶ್ನೆಗೆ ಸಿಗುವುದು ಸರಾಸರಿ ಒಂದೂವರೆ ನಿಮಿಷ.

ಎರಡನೇ ಅಳತೆ: ಆ ಅಂಕ ಯಾವ ಕೆಲಸಕ್ಕೆ? ಕ್ಯಾಲಿಫೋರ್ನಿಯಾದಲ್ಲಿದ್ದು ಮಗು ಬರ್ಕ್ಲಿ, ಯುಸಿಎಲ್ಎ, ಡೇವಿಸ್ ಅಂತ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳಿಗೆ ಮಾತ್ರ ಅರ್ಜಿ ಹಾಕುವುದಾದರೆ ಪ್ರವೇಶಕ್ಕೆ ಅವರು ಎಸ್ಎಟಿ ಅಂಕ ನೋಡುವುದೇ ಇಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗಳೂ ಅಷ್ಟೇ. ಇತ್ತ ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಕೂಡ ಹಾಗೇ ಹೇಳಿದವು. ಯೇಲ್ ಎಸ್ಎಟಿ ಬದಲು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳು) ಪರೀಕ್ಷೆಯ ಅಂಕವನ್ನೂ ಒಪ್ಪುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ಜಾರ್ಜಿಯಾ ಟೆಕ್, ಟೆಕ್ಸಸ್ ಆಸ್ಟಿನ್, ಪರ್ಡ್ಯೂ, ಫ್ಲಾರಿಡಾದವು ಕೇಳುತ್ತವೆ. ಈ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿವೆ. ಒಂಬತ್ತನೇ ಕ್ಲಾಸಿನ ಮಗು ಅರ್ಜಿ ಹಾಕುವ ಹೊತ್ತಿಗೆ ಏನಿರುತ್ತದೋ. ಬೇಗ ಬರೆಸುವುದಕ್ಕೆ ಇದೂ ಒಂದು ತೊಡಕೇ.

ಮೂರನೆಯದು ದುಡ್ಡು. ಒಂದು ಸಲ ಬರೆಯಲು 68 ಡಾಲರ್. ಅಷ್ಟೇನೂ ಜಾಸ್ತಿ ಅಲ್ಲ ಅನ್ನಿಸಬಹುದು. ಆದರೆ ಕೋಚಿಂಗ್ ಸೇರಿಸಿದರೆ ಸಾವಿರಾರು ಡಾಲರ್ ದಾಟುತ್ತದೆ, ಒಂಬತ್ತರಲ್ಲಿ ಶುರುವಾದ ಕೋಚಿಂಗ್ ಹನ್ನೊಂದರವರೆಗೂ ಎಳೆಯುತ್ತದೆ. ಆದಾಯ ಕಡಿಮೆ ಇರುವ ಮನೆಯವರಿಗೆ ಶುಲ್ಕ ಮಾಫಿ ಇದೆ, ಆದರೆ ಅದು 11 ಮತ್ತು 12ನೇ ಕ್ಲಾಸಿನವರಿಗೆ ಮಾತ್ರ. ಮಿಶಿಗನ್, ಕನೆಕ್ಟಿಕಟ್‌ನಂಥ ರಾಜ್ಯಗಳಲ್ಲಿ ಹನ್ನೊಂದನೇ ಕ್ಲಾಸಿನವರಿಗೆ ಶಾಲೆಯಲ್ಲೇ ಪುಕ್ಕಟೆ ಬರೆಸುತ್ತಾರೆ. ಬೇಗ ಬರೆಸುವವರಿಗೆ ಇವೆರಡೂ ಇಲ್ಲ.

ನಾಲ್ಕನೆಯದು, ಅಂಕ ಕಡಿಮೆ ಬಂದರೆ ಯಾರು ನೋಡುತ್ತಾರೆ ಅನ್ನುವುದು. ಯಾವ ದಿನದ ಅಂಕ ಕಳಿಸಬೇಕು ಅನ್ನುವ ಆಯ್ಕೆ ಬಹುತೇಕ ಕಾಲೇಜುಗಳಲ್ಲಿ ಮಗುವಿನ ಕೈಯಲ್ಲೇ ಇರುತ್ತದೆ. ಎಲ್ಲ ಸಲದ್ದನ್ನೂ ಕಳಿಸಿ ಅಂತ ಕೇಳುವ ಜಾರ್ಜ್‌ಟೌನ್‌ನಂಥವೂ ಇವೆ. ಅಲ್ಲಿಗೆ ಅರ್ಜಿ ಹಾಕುವ ಯೋಚನೆ ಇದ್ದರೆ ಒಂಬತ್ತರ ಅಂಕವೂ ಜೊತೆಗೇ ಹೋಗುತ್ತದೆ. ಇನ್ನೊಂದು ಕಡೆ, ಬಹಳ ಕಾಲೇಜುಗಳು ಬೇರೆ ಬೇರೆ ದಿನದ ಓದಿನ ಒಳ್ಳೇ ಅಂಕ, ಗಣಿತದ ಒಳ್ಳೇ ಅಂಕ ಎರಡನ್ನೂ ಸೇರಿಸಿಕೊಳ್ಳುತ್ತವೆ. ಇದನ್ನೇ ಸೂಪರ್‌ಸ್ಕೋರ್ ಅನ್ನುತ್ತಾರೆ.

ಮಗುವಿನ ಮನಸ್ಸು ಐದನೆಯದು. ಅದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಹಾಗಾಗಿ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಏಳು, ಎಂಟರಲ್ಲಿ

ಇದು ಹುಚ್ಚಾಟ ಅಂತ ಕಾಣಬಹುದು. ಆದರೆ ಈ ನಾಲ್ಕರಲ್ಲಿ ಅತಿ ಸ್ಪಷ್ಟ ಉದ್ದೇಶ ಇರುವುದು ಇದಕ್ಕೇ. ಜಾನ್ಸ್ ಹಾಪ್ಕಿನ್ಸ್‌ನ ಜೂಲಿಯನ್ ಸ್ಟ್ಯಾನ್ಲಿ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದ ಆರಂಭದಲ್ಲಿ ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಎಸ್ಎಟಿ ಗಣಿತ ಕೊಟ್ಟು ನೋಡಿದರು. ಶಾಲೆಯ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ತೆಗೆಯುವ ಮಕ್ಕಳೆಲ್ಲ ಒಂದೇ ಥರ ಕಾಣುತ್ತಾರೆ. ನಾಲ್ಕೈದು ವರ್ಷ ದೊಡ್ಡವರ ಪರೀಕ್ಷೆ ಕೊಟ್ಟರೆ ಅವರೊಳಗಿನ ವ್ಯತ್ಯಾಸ ತಿಳಿಯುತ್ತದೆ. ಅದರಿಂದಲೇ ಆ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಟ್ಯಾಲೆಂಟೆಡ್ ಯೂತ್ ಹುಟ್ಟಿತು. ಡ್ಯೂಕ್‌ನಲ್ಲೂ 1980ರಲ್ಲಿ ಇಂಥದ್ದೊಂದು ಶುರುವಾಗಿತ್ತು, ಈಗ ನಿಂತುಹೋಗಿದೆ.

ಹಾಗಾದರೆ ಯಾರಿಗೆ? ಇಂಥ ಕೇಂದ್ರದ ಬೇಸಿಗೆ ಶಿಬಿರಕ್ಕೋ ಆನ್‌ಲೈನ್ ಕೋರ್ಸಿಗೋ ಸೇರುವ ಆಸೆ ಮಗುವಿಗೇ ಇದ್ದರೆ, ಶಾಲೆಯ ಪಾಠ ಅದಕ್ಕೆ ಬೇಸರ ತರಿಸುತ್ತಿದ್ದರೆ. ಆಗಲೂ ಎಸ್ಎಟಿ ಒಂದೇ ಬಾಗಿಲಲ್ಲ, ಚಿಕ್ಕ ಪರೀಕ್ಷೆಗಳನ್ನೂ ಅವರು ಒಪ್ಪುತ್ತಾರೆ. ಶಿಬಿರದ ಶುಲ್ಕ ಪರೀಕ್ಷೆಯ ಶುಲ್ಕದ ಎಷ್ಟೋ ಪಟ್ಟು ಇರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಏಳನೇ ಕ್ಲಾಸಿನ ಅಂಕದಿಂದ ಕಾಲೇಜು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ವಯಸ್ಸಿನಲ್ಲಿ ಕೋಚಿಂಗ್ ಕೊಟ್ಟು ಬರೆಸುವುದಂತೂ ಅರ್ಥವಿಲ್ಲದ ಕೆಲಸ. ಓದದೆ ಬರೆದಾಗ ಎಲ್ಲಿ ನಿಲ್ಲುತ್ತದೆ ಅಂತ ತಿಳಿಯುವುದೇ ಇದರ ಗುರಿ.

ಒಂಬತ್ತರಲ್ಲಿ

ನನಗೆ ಅತಿ ಹೆಚ್ಚು ಮೆಸೇಜು ಬರುವುದು ಇದರ ಬಗ್ಗೆ, ನಾನು ಅತಿ ಹೆಚ್ಚು ಬೇಡ ಅನ್ನುವುದೂ ಇದಕ್ಕೇ. “ಸುಮ್ನೆ ಒಂದು ಅನುಭವ ಆಗಲಿ” ಅನ್ನುತ್ತಾರೆ. ಅನುಭವಕ್ಕೆ ಬೇರೆ ದಾರಿ ಇದೆ, ಅದೂ ಪುಕ್ಕಟೆ. ಈಗ ಎಸ್ಎಟಿ ಪೂರಾ ಕಂಪ್ಯೂಟರಿನಲ್ಲಿ, ಬ್ಲೂಬುಕ್ ಅನ್ನುವ ಆ್ಯಪ್‌ನಲ್ಲಿ. ಎಸ್ಎಟಿ ನಡೆಸುವ ಕಾಲೇಜ್ ಬೋರ್ಡ್‌ನವರೇ ಅದೇ ಆ್ಯಪ್‌ನಲ್ಲಿ ಪೂರ್ತಿ ಮಾದರಿ ಪರೀಕ್ಷೆಗಳನ್ನು ಇಟ್ಟಿದ್ದಾರೆ. ಒಂದು ಶನಿವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಫೋನ್ ಇನ್ನೊಂದು ರೂಮಿಗೆ ಕಳಿಸಿ, 2 ಗಂಟೆ 14 ನಿಮಿಷ ಕೂರಿಸಿ. ಮಧ್ಯೆ ಹತ್ತು ನಿಮಿಷ ಬಿಡುವು. ಅಸಲಿ ಪರೀಕ್ಷೆಯಂತೆಯೇ ಓದು, ಗಣಿತ ಎರಡರಲ್ಲೂ ಮೊದಲರ್ಧ ಚೆನ್ನಾಗಿ ಮಾಡಿದರೆ ಅದರ ಎರಡನೇ ಅರ್ಧ ಕಷ್ಟದ್ದು ಬರುತ್ತದೆ. ಅಂಕವನ್ನೂ ಅದೇ ಹೇಳುತ್ತದೆ. ಇದಕ್ಕೆ 68 ಡಾಲರ್ ಕೊಟ್ಟು, ಬೆಳಗ್ಗೆ ಏಳಕ್ಕೆ ಪಕ್ಕದೂರಿನ ಶಾಲೆಗೆ ಕಾರು ಓಡಿಸಬೇಕಾಗಿಲ್ಲ.

ಆದರೆ ಒಂದು ಎಚ್ಚರಿಕೆ. ಇಂಥ ಅಧಿಕೃತ ಮಾದರಿ ಪರೀಕ್ಷೆಗಳು ಬೆರಳೆಣಿಕೆಯಷ್ಟೇ ಇವೆ. ಒಂಬತ್ತರಲ್ಲೇ ಎಲ್ಲವನ್ನೂ ಮುಗಿಸಿಬಿಟ್ಟರೆ ನಿಜವಾಗಿ ಬೇಕಾದಾಗ ಹೊಸ ಪ್ರಶ್ನೆ ಇರುವುದಿಲ್ಲ. ಆಗ ಖಾಸಗಿಯವರು ಬರೆದ ಪ್ರಶ್ನೆಗಳೇ ಗತಿ, ಅವುಗಳ ಮಟ್ಟ ಒಂದೊಂದು ಥರ. ಹಾಗಾಗಿ ಒಂಬತ್ತರಲ್ಲಿ ಒಂದು ಸಾಕು.

ಶಾಲೆಯಲ್ಲಿ ಪಿಎಸ್ಎಟಿ 8/9 ಕೊಟ್ಟರೆ ಇನ್ನೂ ಒಳ್ಳೇದು. ಅದು ಎಂಟು ಒಂಬತ್ತರವರಿಗೇ ಮಾಡಿದ್ದು, ಗರಿಷ್ಠ 1440. ಎಸ್ಎಟಿಯ 1600ರ ಜೊತೆ ಒಂದೇ ಅಳತೆಗೋಲು ಇಟ್ಟಿರುವುದರಿಂದ, ಇಲ್ಲಿ 1100 ಬಂದರೆ ಆ ದಿನ ಎಸ್ಎಟಿ ಬರೆದಿದ್ದರೂ ಅಷ್ಟರ ಆಸುಪಾಸು ಬರುತ್ತಿತ್ತು ಅಂತ ತಿಳಿಯಬಹುದು. ಈ ಅಂಕ ಕಾಲೇಜುಗಳಿಗೆ ಹೋಗುವುದೂ ಇಲ್ಲ.

ಒಂಬತ್ತರಲ್ಲಿ ದುಡ್ಡು ಕೊಟ್ಟು ಬರೆಸಬಹುದಾದ ಮಕ್ಕಳೂ ಇದ್ದಾರೆ. ಏಳರಲ್ಲಿ ಅಲ್ಜೀಬ್ರಾ 1, ಎಂಟರಲ್ಲಿ ಜ್ಯಾಮಿತಿ, ಒಂಬತ್ತರಲ್ಲಿ ಅಲ್ಜೀಬ್ರಾ 2 ಮುಗಿಸುವ ಮಕ್ಕಳು ನಮ್ಮವರ ಮನೆಗಳಲ್ಲಿ ಕಡಿಮೆಯೇನಿಲ್ಲ. ಮನೆಯಲ್ಲಿ ಕೂರಿಸಿದಾಗ 1450 ದಾಟಿದ್ದರೆ ಜೂನ್ ಪರೀಕ್ಷೆಗೆ ಹೆಸರು ಕೊಡಿ, ನಾನು ಅಡ್ಡ ಬರುವುದಿಲ್ಲ. ಆದರೆ ಅಂಥ ಮಕ್ಕಳಿಗೂ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಓದಿನ ಭಾಗದಲ್ಲಿ.

ಆ ಭಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಅದರ ಮಾತೇ ಬರುವುದಿಲ್ಲ. 54 ಪ್ರಶ್ನೆ, 64 ನಿಮಿಷ. ಒಂದೊಂದಕ್ಕೆ ಒಂದು ಚಿಕ್ಕ ಪ್ಯಾರಾ, ಒಂದು ಪ್ರಶ್ನೆ, ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ. ಒಂದು ಪ್ಯಾರಾ ಹಳೇ ಕಾದಂಬರಿಯದು, ಮುಂದಿನದು ಜೀವಶಾಸ್ತ್ರದ್ದು, ಅದರ ಮುಂದಿನದು ಕವಿತೆಯ ನಾಲ್ಕು ಸಾಲು. ಗಣಿತದ ತೂತನ್ನು ಒಂದು ಬೇಸಿಗೆಯಲ್ಲಿ ಮುಚ್ಚಬಹುದು. ಓದುವ ವೇಗ ಹಾಗೆ ಬರುವುದಿಲ್ಲ, ಅದಕ್ಕೆ ಎರಡು ಮೂರು ವರ್ಷ ಬೇಕು. ಒಂಬತ್ತರಲ್ಲಿ ಬೇಗ ಶುರು ಮಾಡಲೇಬೇಕು ಅಂತಿದ್ದರೆ ಪರೀಕ್ಷೆಯ ಬದಲು ಲೈಬ್ರರಿ ಕಾರ್ಡಿನಿಂದ ಮಾಡಿ. ಮಗು ದಿನಾ ಅರ್ಧ ಗಂಟೆ ತನಗಿಷ್ಟದ, ಆದರೆ ಸ್ವಲ್ಪ ಗಟ್ಟಿಯಾದ ಏನನ್ನಾದರೂ ಓದಲಿ. ಖರ್ಚಿಲ್ಲ, ಶನಿವಾರವೂ ಹೋಗುವುದಿಲ್ಲ.

ಹತ್ತರಲ್ಲಿ

ಬೇಗ ಬರೆಸುವ ಪರವಾಗಿ ಗಟ್ಟಿ ವಾದ ಇರುವುದು ಇಲ್ಲಿ. ಹನ್ನೊಂದನೇ ಕ್ಲಾಸು ನಿಜಕ್ಕೂ ಕಷ್ಟದ ವರ್ಷ. ಮೂರು ನಾಲ್ಕು ಎಪಿ ವಿಷಯಗಳು, ಅವುಗಳ ಪರೀಕ್ಷೆ ಮೇ ತಿಂಗಳ ಮೊದಲೆರಡು ವಾರ, ಅದೇ ಹೊತ್ತಿಗೆ ಎಸ್ಎಟಿಯ ಮೇ ದಿನಾಂಕ. ಜೊತೆಗೆ ಡ್ರೈವಿಂಗ್ ಕಲಿಯುವುದು, ಕೆಲವರಿಗೆ ಭರತನಾಟ್ಯದ ರಂಗಪ್ರವೇಶ. (ರಂಗಪ್ರವೇಶದ ಬೇಸಿಗೆಯಲ್ಲಿ ಎಸ್ಎಟಿ ಬೇಡವೇ ಬೇಡ. ಆ ಮೂರು ತಿಂಗಳು ಅಮ್ಮನಿಗೂ ಬಿಡುವಿರುವುದಿಲ್ಲ.) ಹತ್ತರ ಕೊನೆಗೇ ಒಂದು ಒಳ್ಳೇ ಅಂಕ ಕೈಗೆ ಬಂದರೆ ಇಡೀ ಹನ್ನೊಂದು ಹಗುರಾಗುತ್ತದೆ.

ಆದರೆ ಇದು ಹತ್ತರ ಒಳಗೆ ಅಲ್ಜೀಬ್ರಾ 2 ಮುಗಿಸುವವರಿಗೆ ಮಾತ್ರ. ಹತ್ತರಲ್ಲಿ ಇನ್ನೂ ಜ್ಯಾಮಿತಿಯಲ್ಲಿರುವ ಮಗುವನ್ನು ಕೋಚಿಂಗಿಗೆ ಹಾಕಿದರೆ, ಶಾಲೆ ಮುಂದಿನ ವರ್ಷ ಪುಕ್ಕಟೆ ಹೇಳಿಕೊಡುವುದನ್ನೇ ನೀವು ಈಗ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಹೇಳಿಸಿದ ಹಾಗಾಗುತ್ತದೆ.

ಹತ್ತರವರಿಗೆ ನಾನು ಹೇಳುವ ಕ್ರಮ ಹೀಗಿದೆ. ಅಕ್ಟೋಬರಿನಲ್ಲಿ ಶಾಲೆ ಅವಕಾಶ ಕೊಟ್ಟರೆ ಪಿಎಸ್ಎಟಿ ಬರೆಯಲಿ, ಇಲ್ಲದಿದ್ದರೆ ವಸಂತದಲ್ಲಿ ಪಿಎಸ್ಎಟಿ 10. ಅಂಕಕ್ಕಿಂತ ತಪ್ಪುಗಳನ್ನು ನೋಡಿ. ಪಾಠವೇ ಆಗದ ಪ್ರಶ್ನೆ ತಪ್ಪಾಗಿದ್ದರೆ ಕಾಯಿರಿ, ಪರಿಹಾರ ತಾನಾಗಿ ಬರುತ್ತದೆ. ಗೊತ್ತಿದ್ದೂ ತಪ್ಪಾಗಿದ್ದರೆ ಅಭ್ಯಾಸ ಬೇಕು, ಅದಕ್ಕೆ ಖಾನ್ ಅಕಾಡೆಮಿಯ ಪುಕ್ಕಟೆ ಪಾಠಗಳು ಸಾಕು. ಕೊನೆಯ ಹತ್ತು ಪ್ರಶ್ನೆ ಮುಟ್ಟೇ ಇಲ್ಲ ಅಂದರೆ ಸಮಯದ ತೊಂದರೆ, ಗಡಿಯಾರ ಇಟ್ಟು ಕೂರಿಸಿ. ಕೋಚಿಂಗಿಗೆ ಕೈಹಾಕುವುದು ಇದೆಲ್ಲ ಆದ ಮೇಲೆ, ಅದೂ ಮಗು ಮನೆಯಲ್ಲಿ ತಾನಾಗಿ ಕೂರುವುದೇ ಇಲ್ಲ ಅನ್ನಿಸಿದರೆ.

ಹನ್ನೊಂದರವರೆಗೆ ಕಾದರೆ

ಹೆಚ್ಚಿನ ಮಕ್ಕಳಿಗೆ ಇದೇ ಸರಿ. ಅದರಲ್ಲೂ ಹತ್ತು ಮುಗಿದ ಬೇಸಿಗೆಯಲ್ಲಿ ತಯಾರಿ ಮಾಡಿ ಆಗಸ್ಟಿನಲ್ಲಿ ಬರೆಯುವುದು ನನಗೆ ತುಂಬ ಹಿಡಿಸಿದ ದಾರಿ. ಶಾಲೆಯ ಕೆಲಸ ಇಲ್ಲ, ಅಲ್ಜೀಬ್ರಾ 2 ಇನ್ನೂ ಹಸಿ ಇರುತ್ತದೆ, ಬೇಕಾದರೆ ಅಕ್ಟೋಬರ್, ಡಿಸೆಂಬರ್, ಮಾರ್ಚ್‌ನಲ್ಲಿ ಮತ್ತೆ ಬರೆಯಲು ಜಾಗ ಇರುತ್ತದೆ.

ಇದಕ್ಕೆ ಇನ್ನೊಂದು ಲಾಭ ಇದೆ. ಹನ್ನೊಂದರ ಅಕ್ಟೋಬರಿನ ಪಿಎಸ್ಎಟಿ ಒಂದೇ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್‌ಗೆ ಲೆಕ್ಕಕ್ಕೆ ಬರುವುದು. ಅದಕ್ಕಿಂತ ಮುಂಚೆ ಎಷ್ಟು ಸಲ ಬರೆದರೂ ಅದು ಬರೀ ಅಭ್ಯಾಸ. ಆಗಸ್ಟಿನ ಎಸ್ಎಟಿಗೆ ಮಾಡಿದ ತಯಾರಿಯೇ ಎರಡು ತಿಂಗಳ ನಂತರ ಇಲ್ಲೂ ಕೆಲಸಕ್ಕೆ ಬರುತ್ತದೆ. ದೇಶದಲ್ಲಿ ಸುಮಾರು 16,000 ಮಕ್ಕಳು ಸೆಮಿಫೈನಲ್ ಹಂತಕ್ಕೆ ಹೋಗುತ್ತಾರೆ. ಕಟ್‌ಆಫ್ ಒಂದೊಂದು ರಾಜ್ಯಕ್ಕೆ ಒಂದೊಂದು. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಲ್ಲಿ ಅದು ತುಂಬ ಮೇಲೆ. ಇಲ್ಲಿ ಓದಿನ ಅಂಕವನ್ನು ಎರಡರಿಂದ ಗುಣಿಸಿ, ಗಣಿತದ ಅಂಕ ಕೂಡಿಸಿ, ಹತ್ತರಿಂದ ಭಾಗಿಸುತ್ತಾರೆ. ಗರಿಷ್ಠ 228. ಅಂದರೆ ಓದಿಗೆ ಗಣಿತದ ಎರಡರಷ್ಟು ತೂಕ. ಗಣಿತದಲ್ಲಿ ಒಂದೂ ತಪ್ಪದ ಮಗು ಓದಿನಲ್ಲಿ ನಾಲ್ಕೈದು ತಪ್ಪಿ ಹೊರಗುಳಿಯುವುದು ಇದರಿಂದಲೇ. ಲೈಬ್ರರಿ ಕಾರ್ಡಿನ ಮಾತು ಸುಮ್ನೆ ಹೇಳಿದ್ದಲ್ಲ, ಅಲ್ವಾ?

ಕಾಯುವುದರ ಅಪಾಯವೂ ಇದೆ. ಹನ್ನೊಂದರ ಜೂನ್‌ಗೆ ಮೊದಲ ಸಲ ಬರೆದು ಅಂಕ ಬರದಿದ್ದರೆ ಉಳಿಯುವುದು ಹನ್ನೆರಡರ ಆಗಸ್ಟ್, ಅಕ್ಟೋಬರ್‌ನ ಆಸುಪಾಸಿನ ದಿನಗಳು ಮಾತ್ರ. ಬೇಗ ಅರ್ಜಿ ಹಾಕುವವರಿಗೆ ನವೆಂಬರ್ 1ರ ಗಡುವು ಎದುರಿಗೇ ಇರುತ್ತದೆ, ಪ್ರಬಂಧಗಳನ್ನೂ ಆಗಲೇ ಬರೆಯಬೇಕು. ಹಾಗಾಗಿ ಮೊದಲ ಸಲ ಬರೆಯುವುದನ್ನು ಹನ್ನೊಂದರ ಮಾರ್ಚ್ ದಾಟಿಸಬೇಡಿ.

ಎಸಿಟಿ, ಬೆಂಗಳೂರು, ಸೀಟು

ಎಸ್ಎಟಿ ಬದಲು ಎಸಿಟಿ ಅನ್ನುವ ಇನ್ನೊಂದು ಪ್ರವೇಶ ಪರೀಕ್ಷೆ ಬರೆಸಬಹುದಾ ಅಂತ ಕೇಳುವವರಿಗೆ: ಬರೆಸಬಹುದು, ಕಾಲೇಜುಗಳು ಎರಡನ್ನೂ ಸಮವಾಗಿ ಒಪ್ಪುತ್ತವೆ. 2025ರಿಂದ ಅದು ಚಿಕ್ಕದಾಗಿದೆ, ವಿಜ್ಞಾನದ ಭಾಗ ಬೇಕಾದವರಿಗೆ ಮಾತ್ರ. ಎರಡರ ಒಂದೊಂದು ಮಾದರಿ ಪರೀಕ್ಷೆ ಮನೆಯಲ್ಲಿ ಕೊಟ್ಟು, ಯಾವುದು ಹಿಡಿಸಿತೋ ಅದಕ್ಕೇ ಕೂರಿಸಿ. ಎರಡಕ್ಕೂ ತಯಾರಿ ಮಾಡಿಸುವುದು ಮಗುವಿಗೆ ದಂಡ.

ಬೆಂಗಳೂರು ಮೈಸೂರಿನಲ್ಲಿದ್ದು ಮಗುವನ್ನು ಅಮೆರಿಕಕ್ಕೆ ಕಳಿಸುವ ಯೋಚನೆಯವರ ಲೆಕ್ಕ ಬೇರೆ. ಸಿಬಿಎಸ್ಇ, ಐಸಿಎಸ್ಇ ಹತ್ತನೇ ಕ್ಲಾಸು ಮುಗಿದಾಗ ಎಸ್ಎಟಿ ಗಣಿತದ ಬಹುಪಾಲು ಆಗಿಹೋಗಿರುತ್ತದೆ. ಫಂಕ್ಷನ್, ಎಕ್ಸ್‌ಪೊನೆನ್ಶಿಯಲ್ ಗ್ರಾಫ್ ಒಂದಷ್ಟು ಹೊಸದು, ಡೆಸ್ಮೋಸ್ ಕೈಗೆ ಪಳಗಬೇಕು, ಅಷ್ಟೇ. ಬೋರ್ಡ್ ಪರೀಕ್ಷೆಯ ವರ್ಷ ಇದನ್ನು ತಲೆಗೆ ತುರುಕಬೇಡಿ. ಪಿಯು ಮೊದಲ ವರ್ಷದ ಆಗಸ್ಟ್‌ನಿಂದ ಡಿಸೆಂಬರಿನೊಳಗೆ ಬರೆಸಿ. ಎರಡನೇ ವರ್ಷಕ್ಕೆ ಬಂದರೆ ಜೆಇಇ, ಸಿಇಟಿ, ಬೋರ್ಡ್ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅಮೆರಿಕದ ಹೊರಗೆ ಬರೆಯುವವರಿಗೆ ಮಾಮೂಲಿ ಶುಲ್ಕದ ಮೇಲೆ ಇನ್ನೂ ನಲವತ್ತು ಡಾಲರ್ ಆಸುಪಾಸು ಬೀಳುತ್ತದೆ, ಹಾಗಾಗಿ “ಸುಮ್ನೆ ಒಂದು ಸಲ” ಅನ್ನುವುದು ಇಲ್ಲಿ ಇನ್ನೂ ದುಬಾರಿ.

ದಿನಾಂಕ ಗೊತ್ತು ಮಾಡಿದ ಮೇಲೆ ತಡಮಾಡದೆ ಹೆಸರು ಕೊಡಿ. ಬೇ ಏರಿಯಾದಂಥ ಕಡೆ ಹತ್ತಿರದ ಸೆಂಟರುಗಳು ಬೇಗ ತುಂಬುತ್ತವೆ, ಆಮೇಲೆ ಎರಡು ಮೂರು ಗಂಟೆ ದೂರದ ಊರಲ್ಲಿ ಸೀಟು ಸಿಕ್ಕಿ ಹಿಂದಿನ ರಾತ್ರಿಯೇ ಹೋಗಿ ಹೋಟೆಲಿನಲ್ಲಿ ಉಳಿಯುವವರಿದ್ದಾರೆ. ಲ್ಯಾಪ್‌ಟಾಪ್ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿಡಿ. ಪರೀಕ್ಷೆ ಕೋಣೆಯಲ್ಲಿ ಪ್ಲಗ್ ಸಿಗುತ್ತದೆ ಅನ್ನುವ ನಂಬಿಕೆ ಬೇಡ.